ಹೊಸ ಮರಿಗೆ ಹದಿನಾಲ್ಕು ದಿನ ಬೇರೆ ಕೋಣೆ

"ಒಂದು ಇಂಜೆಕ್ಷನ್ ಹಾಕಿಸಿದ್ದೀವಿ ಡಾಕ್ಟ್ರೇ, ಇನ್ನು ನಮ್ಮ ನಾಯಿ ಜೊತೆ ಬಿಡಬಹುದಲ್ವಾ?"

ಬೀದಿಯಿಂದ ಎತ್ತಿಕೊಂಡ ನಾಯಿಮರಿಗೆ ಕಾಯಂ ಮನೆ ಸಿಗುವ ತನಕ ತಮ್ಮ ಮನೆಯಲ್ಲಿ ಜಾಗ ಕೊಡುವವರನ್ನು ಫಾಸ್ಟರ್‌ಗಳು ಎನ್ನುತ್ತೇವೆ. ಅವರಿಂದ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉತ್ತರ: ಬಿಡಬಾರದು. ಮರಿ ಮನೆಗೆ ಬಂದ ದಿನದಿಂದ ಹದಿನಾಲ್ಕು ದಿನ ಅದು ಬೇರೆ ಕೋಣೆಯಲ್ಲಿರಬೇಕು. ಇಷ್ಟು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ನಾಲ್ಕನೇ ದಿನ ಅವರದೇ ಸ್ಟೇಟಸ್‌ನಲ್ಲಿ ಹೊಸ ಮರಿ, ಹಳೆ ನಾಯಿ ಎರಡೂ ಒಂದೇ ಸೋಫಾ ಮೇಲೆ ಮಲಗಿರುವ ಫೋಟೊ ಇರುತ್ತದೆ. ಒಂಬತ್ತನೇ ದಿನ ಫೋನು: "ಮರಿ ವಾಂತಿ ಮಾಡ್ತಿದೆ, ಊಟ ಬದಲಾಗಿದ್ದಕ್ಕೆ ಇರಬಹುದಾ?"

ಇವರಲ್ಲಿ ಯಾರೂ ಕೆಟ್ಟವರಲ್ಲ, ಉಡಾಫೆಯವರೂ ಅಲ್ಲ. ಆಫೀಸಿಗೆ ರಜೆ ಹಾಕಿ, ರಾತ್ರಿ ಎರಡು ಗಂಟೆಗೆ ಎದ್ದು ಮರಿಗೆ ಊಟ ಕೊಡುವವರು. ಅವರಿಗೆ ಅರ್ಥವಾಗದೆ ಉಳಿಯುವುದು ಒಂದೇ ವಿಷಯ: ಲಸಿಕೆ ಹಾಕಿದ ದಿನಕ್ಕೂ ರಕ್ಷಣೆ ಸಿಗುವ ದಿನಕ್ಕೂ ನಡುವೆ ವಾರಗಟ್ಟಲೆ ಅಂತರ ಇರಬಹುದು. ಅದನ್ನು ಇಲ್ಲಿ ಸ್ವಲ್ಪ ಉದ್ದಕ್ಕೇ ಬಿಡಿಸಿ ಹೇಳುತ್ತೇನೆ.

ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಲ್ಲಿ ಮರಿಗೆ ತಾಯಿಯ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಅಂಶಗಳು ಸಿಗುತ್ತವೆ. ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ದಿನದಿಂದ ದಿನಕ್ಕೆ ಕರಗುತ್ತಾ, ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಪ್ರತಿಕಾಯ ಹೆಚ್ಚಿರುವಾಗ ರೋಗ ಬರುವುದಿಲ್ಲ, ಆದರೆ ಹಾಕಿದ ಲಸಿಕೆಯನ್ನೂ ಅದು ಹೊಡೆದುಹಾಕುತ್ತದೆ. ಪೂರ್ತಿ ಕರಗಿದ ಮೇಲೆ ಲಸಿಕೆ ಹಿಡಿಯುತ್ತದೆ. ಅಪಾಯ ಇರುವುದು ನಡುವಿನ ಕೆಲವು ವಾರಗಳಲ್ಲಿ. ಆಗ ಉಳಿದ ಪ್ರತಿಕಾಯ ರೋಗ ತಡೆಯುವಷ್ಟು ಇರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇರುತ್ತದೆ. ಈ ಅವಧಿ ಒಂದು ಮರಿಗೆ ಏಳನೇ ವಾರಕ್ಕೆ ಬಂದರೆ, ಅದರ ಒಡಹುಟ್ಟಿದ ಇನ್ನೊಂದಕ್ಕೆ ಹನ್ನೆರಡನೇ ವಾರಕ್ಕೆ ಬರಬಹುದು. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದಲೇ ಆರು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವ ತನಕ ಹಾಕುತ್ತಾ ಹೋಗುತ್ತೇವೆ. ಮೂರು ಡೋಸ್ ಅಥವಾ ನಾಲ್ಕು ಎಂಬ ಎಣಿಕೆಗಿಂತ ಕೊನೆಯ ಡೋಸ್ ಯಾವ ವಯಸ್ಸಿನಲ್ಲಿ ಬಿತ್ತು ಎಂಬುದು ಮುಖ್ಯ. 12 ವಾರಕ್ಕೇ "ಕೋರ್ಸ್ ಮುಗೀತು" ಎಂದು ಪುಸ್ತಕ ಮಡಚಿಟ್ಟ ಮರಿಗಳು ಐದನೇ ತಿಂಗಳಲ್ಲಿ ಪಾರ್ವೋ (ವಾಂತಿ, ರಕ್ತಬೇಧಿ ತರುವ ವೈರಸ್ ರೋಗ) ಹಿಡಿದು ಬರುವುದುಂಟು.

ಇನ್ನೊಂದು ಮುಖವಿದೆ. ಮರಿ ನಿಮ್ಮ ಕೈಗೆ ಬರುವ ಮುಂಚೆಯೇ ಸೋಂಕು ಒಳಗೆ ಹೊಕ್ಕಿದ್ದರೆ ಇವತ್ತು ಹಾಕಿದ ಲಸಿಕೆ ಅದನ್ನು ತಡೆಯುವುದು ಕಷ್ಟ. ಪಾರ್ವೋ ವೈರಸ್ ದೇಹ ಸೇರಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ 14 ದಿನದ ತನಕವೂ ಬೇಕು. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಮಲದಲ್ಲಿ ವೈರಸ್ ಹೊರಬೀಳತೊಡಗುತ್ತದೆ. ಕುಣಿದಾಡುತ್ತಾ, ಬಾಲ ಅಲ್ಲಾಡಿಸುತ್ತಾ, ಬಟ್ಟಲು ನೆಕ್ಕಿ ಖಾಲಿ ಮಾಡುತ್ತಿರುವ ಮರಿಯೇ ಆ ಹೊತ್ತಿಗೆ ಮನೆ ತುಂಬ ವೈರಸ್ ಹಂಚುತ್ತಿರಬಹುದು. "ಚೆನ್ನಾಗೇ ಇದೆಯಲ್ಲ ಡಾಕ್ಟ್ರೇ" ಎಂಬ ಮಾತಿಗೆ ಇಲ್ಲಿ ಬೆಲೆ ಕೊಡಲಾಗದು. ಹದಿನಾಲ್ಕು ದಿನ ಎಂಬ ಲೆಕ್ಕ ಬಂದದ್ದು ಇದರಿಂದ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಎಂಟನೇ ದಿನ "ಒಂಟಿ ಅನ್ನಿಸಬಾರದು" ಎಂದು ಇನ್ನೊಂದು ಮರಿಯನ್ನು ಅದೇ ಕೋಣೆಗೆ ತಂದು ಬಿಟ್ಟರೆ ಎಣಿಕೆ ಮತ್ತೆ ಒಂದರಿಂದ ಶುರು, ಎರಡಕ್ಕೂ. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಬೀದಿಯಲ್ಲಿ ಮರಿಗಳು ಹೆಚ್ಚುತ್ತವೆ. ಫಾಸ್ಟರ್ ಗುಂಪುಗಳಲ್ಲಿ "ಇನ್ನೊಂದೇ ಒಂದು ಇಟ್ಕೊಳ್ಳಿ, ಪ್ಲೀಸ್" ಎಂಬ ಒತ್ತಾಯವೂ ಹೆಚ್ಚುತ್ತದೆ. ಆಗ ಬೇಡ ಎನ್ನುವುದೂ ಮರಿಗಳ ಸೇವೆಯೇ. ಒಂದೇ ಸೂಲಿನ ಮರಿಗಳನ್ನು ಒಟ್ಟಿಗೆ ತನ್ನಿ, ಒಟ್ಟಿಗೆ ಇಡಿ, ಅವು ಹೋದ ಮೇಲೆ ಕೋಣೆ ತೊಳೆದು ಮುಂದಿನವುಗಳಿಗೆ ಬಾಗಿಲು ತೆರೆಯಿರಿ.

ಕೋಣೆ ಯಾವುದು? ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎರಡನೇ ಬಾತ್‌ರೂಮೇ ಸರಿಯಾದ ಜಾಗ. ಟೈಲ್ಸ್ ಇರುತ್ತದೆ, ನೀರು ಹರಿದುಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಬಾಲ್ಕನಿ ಬೇಡ. ಗ್ರಿಲ್ ಸಂದಿಯಲ್ಲಿ ಆರು ವಾರದ ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ. ಕಾರ್ಪೆಟ್, ಬೆತ್ತದ ಬುಟ್ಟಿ, ಹತ್ತಿಯ ಹಾಸಿಗೆ ಇವೆಲ್ಲ ತೊಳೆಯಲು ಬಾರದ ವಸ್ತುಗಳು, ಒಳಗೆ ಬೇಡ. ರಟ್ಟಿನ ಪೆಟ್ಟಿಗೆ, ಹಳೆ ಬೆಡ್‌ಶೀಟು, ದಿನಪತ್ರಿಕೆ, ಸ್ಟೀಲಿನ ಎರಡು ಬಟ್ಟಲು ಸಾಕು. ಬಾಗಿಲ ಹೊರಗೆ ಆ ಕೋಣೆಗೆಂದೇ ಒಂದು ಜೊತೆ ಚಪ್ಪಲಿ, ಒಂದು ಹಳೆ ಅಂಗಿ, ಪ್ರತ್ಯೇಕ ಮಾಪ್ ಇರಲಿ. ಮೊದಲು ನಿಮ್ಮ ನಾಯಿಯ ಊಟ, ವಾಕಿಂಗ್ ಮುಗಿಸಿ, ಆಮೇಲೆ ಮರಿಯ ಕೋಣೆಗೆ ಹೋಗಿ. ಹೊರಬಂದು ಮೊಣಕೈ ತನಕ ಸೋಪು ಹಾಕಿ ತೊಳೆಯಿರಿ. ಪಾರ್ವೋ ವಿಷಯದಲ್ಲಿ ಸ್ಯಾನಿಟೈಸರ್ ಅನ್ನು ನಂಬಬೇಡಿ. ಎಲ್ಲರೂ ಮರೆಯುವುದು ಚಪ್ಪಲಿಯನ್ನು.

ಇನ್ನು ಫಿನೈಲ್. ನೆಲಕ್ಕೆ ಘಮ್ಮೆನ್ನುವಂತೆ ಫಿನೈಲ್ ಹಾಕಿ ಸೋಂಕು ಸತ್ತಿತು ಎಂದುಕೊಳ್ಳುವವರು ಬಹಳ. ಪಾರ್ವೋ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಆದ್ದರಿಂದ ಫಿನೈಲ್, ಡೆಟಾಲ್, ಸಾಮಾನ್ಯ ಫ್ಲೋರ್ ಕ್ಲೀನರ್ ಯಾವುದಕ್ಕೂ ಅದು ಜಗ್ಗುವುದಿಲ್ಲ. ನೆರಳಿನ ಜಾಗದಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದ ತನಕವೂ ಉಳಿಯಬಲ್ಲದು. ಕೊಲ್ಲುವುದು ಬ್ಲೀಚ್. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತಂದು, ಒಂದು ಲೀಟರ್ ನೀರಿಗೆ 35 ಮಿ.ಲೀ. ಬೆರೆಸಿ. ಮೊದಲು ಮಲ, ವಾಂತಿಯನ್ನು ಕಾಗದದಲ್ಲಿ ತೆಗೆದು, ನೆಲವನ್ನು ಸೋಪು ನೀರಿನಲ್ಲಿ ತೊಳೆದು, ಆಮೇಲೆ ಬ್ಲೀಚ್ ಹಾಕಿ ಪೂರ್ತಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕೊಳಕಿನ ಮೇಲೆ ಸುರಿದ ಬ್ಲೀಚ್ ಕೊಳಕಿನಲ್ಲೇ ಕರಗಿಹೋಗುತ್ತದೆ. ಒಂದು ನಿಮಿಷಕ್ಕೇ ಒರೆಸಿದರೂ ಪ್ರಯೋಜನವಿಲ್ಲ. ಬೆರೆಸಿದ ದ್ರಾವಣ ಆಯಾ ದಿನವೇ ಮುಗಿಯಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ತೊಳೆಯುವ ಹೊತ್ತು ಮರಿ ಬೇರೆ ಪೆಟ್ಟಿಗೆಯಲ್ಲಿರಲಿ, ನೆಲ ಒಣಗಿದ ಮೇಲೆ ಒಳಗೆ ಬಿಡಿ.

ಬಂದ ದಿನವೇ ಸ್ನಾನ ಮಾಡಿಸುವ ಆತುರ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಚಿಗಟ, ಉಣುಗು ತುಂಬಿದ್ದರೆ ಕೆಲವರು ದನಗಳ ಮೈಗೆ ಹಚ್ಚುವ ಔಷಧಿಯನ್ನು ಅಂದಾಜಿನ ಮೇಲೆ ನೀರಿಗೆ ಹಾಕಿ ಮರಿಯನ್ನು ಅದರಲ್ಲಿ ತೊಳೆಯುತ್ತಾರೆ. ನಡುಗುತ್ತಾ, ಜೊಲ್ಲು ಸುರಿಸುತ್ತಾ ಬರುವ ಮರಿಗಳಲ್ಲಿ ಹಲವದರ ಹಿಂದೆ ಇರುವುದು ಈ ಸ್ನಾನ. ವಯಸ್ಸು, ತೂಕ ನೋಡಿ ವೈದ್ಯರು ಕೊಟ್ಟ ಔಷಧಿಯನ್ನಷ್ಟೇ ಬಳಸಿ. ದನದ ಹಾಲು ಬೇಡ, ಬೇಧಿಯಾಗುತ್ತದೆ. ಆ ಬೇಧಿ ಹಾಲಿನದೋ ಪಾರ್ವೋದ್ದೋ ಎಂದು ತಿಳಿಯದೆ ಒಂದು ದಿನ ವ್ಯರ್ಥವಾಗುತ್ತದೆ. ಮರಿಗಳ ಒಣ ಆಹಾರವನ್ನು ಉಗುರು ಬಿಸಿ ನೀರಲ್ಲಿ ನೆನೆಸಿ, ಮೂರು ತಿಂಗಳೊಳಗಿನವಕ್ಕೆ ದಿನಕ್ಕೆ ನಾಲ್ಕು ಸಲ ಕೊಡಿ. ಜಂತುಹುಳದ ಔಷಧಿಯ ಮಾರನೇ ದಿನ ಮಲದಲ್ಲಿ ಶಾವಿಗೆಯಂಥ ಹುಳ ಕಂಡರೆ ಗಾಬರಿ ಬೇಡ, ಔಷಧಿ ಕೆಲಸ ಮಾಡಿದೆ.

ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಊಟಕ್ಕೆ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬ ಇಟ್ಟು, ಸೊನ್ನೆ ಒತ್ತಿ, ಮರಿಯನ್ನು ಕೂರಿಸಿ ತೂಕ ಬರೆಯಿರಿ. ಬೆಳೆಯುವ ಮರಿಯ ತೂಕ ದಿನವೂ ಏರಬೇಕು. ಒಂದು ದಿನ ಏರದಿದ್ದರೆ ಗಮನಿಸಿ, ಇಳಿದರೆ ಫೋನ್ ಮಾಡಿ. ವಾಂತಿ ಶುರುವಾಗುವ ಮುಂಚೆಯೇ ಆ ಅಂಕಿ ಸುಳಿವು ಕೊಡುತ್ತದೆ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡುವುದನ್ನು ಕಲಿತುಕೊಳ್ಳಿ. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಸಹಜ. ನಮಗೆ ಜ್ವರ ಎನ್ನುವ ಬಿಸಿ ಅವಕ್ಕೆ ಜ್ವರವಲ್ಲ. ಮನುಷ್ಯರ ಜ್ವರ, ನೋವಿನ ಮಾತ್ರೆ ಅರ್ಧವೂ ಬೇಡ, ಕಾಲೂ ಬೇಡ.

ಮರಿ ಮಂಕಾಗಿ, ಬೇಯಿಸಿದ ಕೋಳಿಯನ್ನೂ ಮೂಸಿ ಮುಖ ತಿರುಗಿಸಿ, ಎರಡು ಸಲ ವಾಂತಿ ಮಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಕ್ತಬೇಧಿ ಶುರುವಾಗಲಿ, ಆಮೇಲೆ ನೋಡೋಣ ಎಂದು ಕೂರುವುದಂತೂ ಬೇಡವೇ ಬೇಡ. ಪಾರ್ವೋದಲ್ಲಿ ಮರಿಗಳನ್ನು ಬೇಗ ಕೊಲ್ಲುವುದು ನೀರಿನ ನಷ್ಟ, ಸಕ್ಕರೆ ಅಂಶದ ಕುಸಿತ ಮತ್ತು ಕರುಳಿನಿಂದ ರಕ್ತಕ್ಕೆ ದಾಟುವ ಬ್ಯಾಕ್ಟೀರಿಯಾ. ಬೇಗ ಬಂದು ಡ್ರಿಪ್ ಹತ್ತಿದ ಮರಿಗಳಲ್ಲಿ ಬಹಳಷ್ಟು ಉಳಿಯುತ್ತವೆ. ಯಾವ ಮರಿ ಉಳಿಯುತ್ತದೆ ಎಂದು ಮಾತ್ರ ಮೊದಲ ದಿನ ಯಾವ ವೈದ್ಯರೂ ಭರವಸೆ ಕೊಡಲಾರರು. ಬರುವ ಮುಂಚೆ ಕ್ಲಿನಿಕ್ಕಿಗೆ ಫೋನ್ ಮಾಡಿ, ಮರಿಯನ್ನು ಗಾಡಿಯಲ್ಲೇ ಇಟ್ಟುಕೊಂಡು ಕಾಯಿರಿ. ಕಾಯುವ ಕೋಣೆಯ ನೆಲಕ್ಕೆ ಬಿಡಬೇಡಿ, ಅಲ್ಲಿ ಬೇರೆಯವರ ಮರಿಗಳಿರುತ್ತವೆ. ಮಲದ ಕಿಟ್ ಪರೀಕ್ಷೆ ನೆಗೆಟಿವ್ ಬಂದರೂ ಆರಂಭದ ಹಂತದಲ್ಲಿ ಪೂರ್ತಿ ನಂಬುವಂತಿಲ್ಲ. ಲಸಿಕೆ ಹಾಕಿ ಕೆಲವೇ ದಿನವಾಗಿದ್ದರೆ ಮಸುಕು ಗೆರೆಯ ಪಾಸಿಟಿವ್ ಕೂಡ ಬರಬಹುದು. ಲಸಿಕೆಯ ತಾರೀಖನ್ನು ಮರೆಯದೆ ಹೇಳಿ.

ನಾಯಿಗಳ ಇನ್ನೊಂದು ವೈರಸ್ ರೋಗ ಡಿಸ್ಟೆಂಪರ್, ಪಾರ್ವೋಗಿಂತ ಕಳ್ಳ ರೋಗ. ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ, ಕೆಮ್ಮು. ಶೀತ ಎಂದುಕೊಂಡು ಬಿಟ್ಟರೆ, ವಾಸಿಯಾದಂತೆ ಕಂಡು, ವಾರಗಳ ನಂತರ ದವಡೆ ಅದುರುವುದು, ಫಿಟ್ಸ್ ಬರುವುದು ಶುರುವಾಗುತ್ತದೆ. ಅದು ಉಸಿರಿನಿಂದ ಹರಡುತ್ತದೆ. ಅಂಥ ಮರಿಗೆ ಹದಿನಾಲ್ಕು ದಿನವೂ ಸಾಲದು, ಎಷ್ಟು ದಿನ ಎಂಬುದನ್ನು ನೋಡಿಯೇ ಹೇಳಬೇಕಾಗುತ್ತದೆ.

ಈ ಹದಿನಾಲ್ಕು ದಿನದ ಲೆಕ್ಕಕ್ಕೆ ಸಿಗದ ಒಂದು ರೋಗವಿದೆ, ರೇಬೀಸ್. ಅದು ತಿಂಗಳುಗಟ್ಟಲೆ ಒಳಗೇ ಕೂತಿರಬಲ್ಲದು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಬೀಳುತ್ತದೆ. ಅಲ್ಲಿಯ ತನಕ ಬೀದಿಯ ಮರಿಯ ಹಾಲುಹಲ್ಲು ತಾಗಿದರೂ "ಮರಿ ತಾನೇ" ಎನ್ನುವಂತಿಲ್ಲ. ಮರಿಗಳಿಂದಲೂ ರೇಬೀಸ್ ಬರುತ್ತದೆ. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕೇ ಎಂದು ಅಲ್ಲಿಯ ವೈದ್ಯರನ್ನು ಕೇಳಿ. ವರ್ಷಕ್ಕೆ ಹಲವು ಮರಿಗಳನ್ನು ಇಟ್ಟುಕೊಳ್ಳುವವರು ಮುಂಚಿತವಾಗಿಯೇ ತಮಗೆ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

"ಹದಿನಾಲ್ಕು ದಿನ ಒಂಟಿಯಾಗಿಟ್ಟರೆ ಮರಿ ಪುಕ್ಕಲಾಗಲ್ವಾ?" ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಮೂರರಿಂದ ಹದಿನಾಲ್ಕನೇ ವಾರದೊಳಗೆ ಕಂಡದ್ದು, ಕೇಳಿದ್ದು ಮರಿಯ ಸ್ವಭಾವವನ್ನು ಕಟ್ಟುತ್ತದೆ. ಆದರೆ ದೂರ ಇಡಬೇಕಿರುವುದು ಬೇರೆ ನಾಯಿಗಳಿಂದ, ನಾಯಿಗಳು ಓಡಾಡಿದ ನೆಲದಿಂದ. ಮನುಷ್ಯರಿಂದ ಅಲ್ಲ. ಆ ಕೋಣೆಯೊಳಗೆ ಹೋಗಿ ನೆಲದ ಮೇಲೆ ಕೂತು ಆಡಿ. ದಿನವೂ ಪಾದ, ಕಿವಿ, ಬಾಯಿ ಮುಟ್ಟಿ ಅಭ್ಯಾಸ ಮಾಡಿಸಿ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಕೇಳಲಿ. ಗಡ್ಡದವರು, ಹೆಲ್ಮೆಟ್ಟಿನವರು, ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ತಿಂಡಿ ಕೊಟ್ಟು ಕೈ ತೊಳೆದು ಹೋಗಲಿ. ಎತ್ತಿಕೊಂಡು ಗೇಟಿನ ತನಕ ಹೋಗಿ ಆಟೋ, ಬಸ್ಸು ತೋರಿಸಿ, ಕೆಳಗೆ ಮಾತ್ರ ಬಿಡಬೇಡಿ.

ಬೀದಿಯಿಂದ ತಂದ ದೊಡ್ಡ ನಾಯಿಗೂ ಎರಡು ವಾರದ ನಿಯಮ ಅದೇ. ಅವುಗಳಲ್ಲಿ ಹೆಚ್ಚು ಕಾಣುವುದು ಉಣುಗಿನಿಂದ ಬರುವ ಜ್ವರ. ಒಂದರಿಂದ ಮೂರು ವಾರದೊಳಗೆ ಊಟ ಬಿಡುವುದು, ಒಸಡು ಬಿಳಚುವುದು, ಮೂಗಿನಲ್ಲಿ ರಕ್ತ ಕಂಡರೆ ರಕ್ತಪರೀಕ್ಷೆ ಮಾಡಿಸಿ. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ. ಅದು ತನ್ನ ಬೀದಿಯಲ್ಲೇ ನೆಮ್ಮದಿಯಾಗಿದ್ದರೆ ಅದಕ್ಕೆ ಫಾಸ್ಟರ್ ಹುಡುಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಕೋಣೆ ಗಾಯಗೊಂಡದ್ದಕ್ಕೆ, ತಾಯಿ ಕಳೆದುಕೊಂಡದ್ದಕ್ಕೆ, ಯಾರೋ ಸಾಕಿ ಬಿಟ್ಟುಹೋದದ್ದಕ್ಕೆ ಉಳಿಯಲಿ.

ಮನೆಯಲ್ಲಿರುವ ನಿಮ್ಮ ನಾಯಿಯ ಲಸಿಕೆ ಪುಸ್ತಕವನ್ನೂ ಮರಿ ತರುವ ಮೊದಲೇ ತೆಗೆದು ನೋಡಿ. 16 ವಾರದ ನಂತರದ ಡೋಸ್, ವರ್ಷ ತುಂಬಿದಾಗಿನ ಬೂಸ್ಟರ್ ಎರಡೂ ಇದ್ದರೆ ಪಾರ್ವೋ, ಡಿಸ್ಟೆಂಪರ್ ಮಟ್ಟಿಗೆ ಸಾಕಷ್ಟು ಧೈರ್ಯ. ಅವೆರಡರಲ್ಲಿ ಒಂದು ತಪ್ಪಿದ್ದರೆ ಮೊದಲು ಅದನ್ನು ಹಾಕಿಸಿ, ಎರಡು ವಾರ ಬಿಟ್ಟು ಫಾಸ್ಟರ್ ಮಾಡಿ.

ನಿಮ್ಮ ಮನೆಯಲ್ಲಿ ಪಾರ್ವೋದಿಂದ ಒಂದು ಮರಿ ಹೋಗಿದ್ದರೆ, ಆ ದುಃಖದಲ್ಲಿ ಮಾರನೇ ವಾರವೇ ಇನ್ನೊಂದನ್ನು ತರಬೇಡಿ. ಮುಂದಿನ ಒಂದು ವರ್ಷ, ಪೂರ್ತಿ ಲಸಿಕೆಯಾದ ದೊಡ್ಡ ನಾಯಿಗಳನ್ನಷ್ಟೇ ಇಟ್ಟುಕೊಳ್ಳಿ. ಅಂಥವಕ್ಕೂ ಮನೆ ಸಿಗುವುದು ಕಷ್ಟ, ನಿಮ್ಮಂಥವರು ಅವಕ್ಕೂ ಬೇಕು. ಬಾಡಿಗೆ ಮನೆ ಖಾಲಿ ಮಾಡುವಾಗ ಮುಂದೆ ಬರುವವರಿಗೂ ವಿಷಯ ತಿಳಿಸಿ, ಅವರ ಕೈಯಲ್ಲೂ ಮರಿ ಇರಬಹುದು.

ದತ್ತು ಪಡೆಯುವವರು "ಭಾನುವಾರ ಹಬ್ಬ ಇದೆ, ಅವತ್ತೇ ಕೊಟ್ಟುಬಿಡಿ" ಎಂದು ಅವಸರ ಮಾಡುತ್ತಾರೆ. ಐದನೇ ದಿನಕ್ಕೆ ಕೊಟ್ಟ ಮರಿ ಹತ್ತನೇ ದಿನಕ್ಕೆ ಕಾಯಿಲೆ ಬಿದ್ದರೆ ಅವರು ಹೆದರಿ ವಾಪಸ್ ತರುತ್ತಾರೆ, ಎರಡು ಮನೆಯ ನೆಲ ಕೆಡುತ್ತದೆ. ಹದಿನಾಲ್ಕು ಮುಗಿದ ಮೇಲೆ ಕೊಡಿ. ಕೊಡುವಾಗ ಸ್ಟಿಕರ್ ಅಂಟಿಸಿದ ಲಸಿಕೆ ಪುಸ್ತಕ, ಜಂತುಹುಳದ ಔಷಧಿಯ ತಾರೀಖುಗಳು, ತೂಕ ಬರೆದ ನೋಟ್‌ಬುಕ್, ಈಗ ತಿನ್ನುತ್ತಿರುವ ಆಹಾರ ಒಂದು ವಾರಕ್ಕಾಗುವಷ್ಟು ಜೊತೆಗಿರಲಿ. ಮುಂದಿನ ಡೋಸಿನ ದಿನವನ್ನು ಅವರ ಫೋನಿನ ಕ್ಯಾಲೆಂಡರಿನಲ್ಲಿ ನಿಮ್ಮ ಎದುರಿಗೇ ಹಾಕಿಸಿ. 16 ವಾರದ ಡೋಸ್ ಬಿದ್ದು ಎರಡು ವಾರ ಕಳೆಯುವ ತನಕ ಪಾರ್ಕಿನ ಹುಲ್ಲಿನ ಮೇಲೆ ಬಿಡಬೇಡಿ ಎಂದು ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಡಿ.