ಕನ್ನಡದ ಗಾದೆಗೆ ಇಂಗ್ಲಿಷಿನ ಜೋಡಿ

ಪ್ರಶ್ನೆ: ನಮ್ಮ ಗಾದೆಗಳಿಗೆ ಸರಿಹೊಂದುವ ಇಂಗ್ಲಿಷ್ ಗಾದೆಗಳನ್ನು ಹುಡುಕುವುದು ಹೇಗೆ? ಮಾತಿಗೆ ಮಾತು ಅನುವಾದಿಸಿದರೆ ಸಾಲದೇ?

ಉತ್ತರ: ಬೀದರಿನಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂದು ನಾವು ಹೇಳುವ ಕಡೆ ಉರ್ದುವಿನವರು ‘ನಾಚ್ ನ ಜಾನೇ, ಆಂಗನ್ ಟೇಢಾ’ ಎನ್ನುತ್ತಾರೆ, ಮರಾಠಿಯವರು ‘ನಾಚತಾ ಯೇಯೀನಾ, ಅಂಗಣ ವಾಕಡೇ’ ಎನ್ನುತ್ತಾರೆ. ಮೂರರಲ್ಲೂ ಅದೇ ಕುಣಿತ, ಅದೇ ಡೊಂಕು. ನೆರೆಹೊರೆಯಾಗಿ ಬಾಳಿದ ಭಾಷೆಗಳ ನಡುವೆ ಮಾತಿಗೆ ಮಾತು ಹೀಗೆ ಸುಲಭವಾಗಿ ಹೊಂದುತ್ತದೆ. ಇಂಗ್ಲಿಷಿಗೆ ಹೋದರೆ ಅಂಗಳವೂ ಇಲ್ಲ, ಕುಣಿಯುವವಳೂ ಇಲ್ಲ. ಅಲ್ಲಿ ಕೆಲಸ ಬಾರದವನು ತನ್ನ ಸಲಕರಣೆಗಳನ್ನು ದೂರುತ್ತಾನೆ: ‘ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್’. ಆದರೂ ಅದು ತಕ್ಕ ಜೋಡಿಯೇ, ಏಕೆಂದರೆ ತನ್ನ ಕೊರತೆಯನ್ನು ಬೇರೊಂದರ ಮೇಲೆ ಹಾಕುವವರ ಕುರಿತೇ ಎರಡನ್ನೂ ಆಡುತ್ತಾರೆ. ಆದ್ದರಿಂದ ಗಾದೆಯೊಳಗೆ ಏನಿದೆ ಎಂದು ನೋಡುವ ಮೊದಲು ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂದು ಕೇಳಿಕೊಳ್ಳಬೇಕು.

‘ದೂರದ ಬೆಟ್ಟ ನುಣ್ಣಗೆ’ ಎಂಬುದಕ್ಕೆ ಹಲವರು ‘ಬೇಲಿಯಾಚೆಯ ಹುಲ್ಲು ಹೆಚ್ಚು ಹಸಿರು’ ಎಂಬರ್ಥದ ಇಂಗ್ಲಿಷ್ ಗಾದೆಯನ್ನು ಕೊಡುತ್ತಾರೆ. ಆ ಹುಲ್ಲಿನ ಮಾತಿನಲ್ಲಿ ತನ್ನ ಪಾಲಿನ ಬಗೆಗೆ ಬೇಸರ, ಪಕ್ಕದವರ ಪಾಲಿನ ಮೇಲೆ ಆಸೆ ಇರುತ್ತದೆ. ಬೆಂಗಳೂರನ್ನು ಕಾಣದೆಯೇ ಹೊಗಳುವ ಮಗನಿಗೆ ಯಾದಗಿರಿಯ ತಾಯಿಯೊಬ್ಬಳು ‘ದೂರದ ಗುಡ್ಡ ನುಣ್ಣಗ ಕಾಣ್ತದಪಾ’ ಎಂದಾಗ, ಹತ್ತಿರ ಹೋದರೆ ಅಲ್ಲಿಯೂ ಕಲ್ಲುಮುಳ್ಳುಗಳಿವೆ ಎಂಬುದನ್ನಷ್ಟೇ ಅವಳು ತಿಳಿಸುತ್ತಿರುತ್ತಾಳೆ. ಇದಕ್ಕೆ ನನ್ನ ಮನಸ್ಸು ಒಪ್ಪುವುದು ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಪ್‌ಬೆಲ್‌ನ 1799ರ ಕಾವ್ಯದಿಂದ ಬಂದು ಗಾದೆಯಂತೆ ಬಳಕೆಯಾಗಿರುವ ‘ಡಿಸ್ಟನ್ಸ್ ಲೆಂಡ್ಸ್ ಎನ್‌ಚಾಂಟ್‌ಮೆಂಟ್ ಟು ದ ವ್ಯೂ’, ಅಂದರೆ ದೂರವೇ ನೋಟಕ್ಕೆ ಸೊಬಗು ತರುತ್ತದೆ, ಎಂಬ ಮಾತು. ಅದರ ಮರುಸಾಲಿನಲ್ಲಿ ದೂರವು ನೀಲಿ ಹೊದಿಸಿದ ಬೆಟ್ಟವೇ ಬರುತ್ತದೆ ಎಂಬುದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಕೆಲವಕ್ಕೆ ಜೋಡಿಯನ್ನು ಬಲವಂತದಿಂದ ಕಟ್ಟಬಾರದು. ಮೇಲಿನವರ ಸಹಿಯಾದ ಕಡತವನ್ನು ಕೆಳಗಿನ ಟೇಬಲ್ಲಿನಲ್ಲಿ ತಡೆದಾಗ ನಾವು ಆಡುವ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬುದನ್ನು ‘ರೆಡ್ ಟೇಪ್’ ಎಂದು ಬರೆದರೆ ಕಚೇರಿಯ ವಿಳಂಬವಷ್ಟೇ ಉಳಿದು, ದೇವರನ್ನೂ ಮೀರಿ ನಿಂತ ಪೂಜಾರಿ ಕಾಣೆಯಾಗುತ್ತಾನೆ. ಇಂಥ ಕಡೆ ಮಾತಿಗೆ ಮಾತು ಅನುವಾದಿಸುವುದೇ ಸರಿ; ಆ ಕಡತದ ಕತೆ ಜೊತೆಗಿದ್ದರೆ ಪೂಜಾರಿ ಯಾರೆಂದು ಇಂಗ್ಲಿಷ್ ಓದುಗರಿಗೂ ಗೊತ್ತಾಗುತ್ತದೆ.