ನೋಡೋ ತೋಟ, ಮಾಡೋ ತೋಟ

ಬೆಂಗಳೂರಿನಲ್ಲಿ ಬ್ರಹ್ಮಕಮಲದ ಗಿಡವನ್ನು ದುಡ್ಡು ಕೊಟ್ಟು ತಂದವರು ಕಡಿಮೆ. ಯಾರದ್ದೋ ಮನೆಯಿಂದ ಒಂದು ಎಲೆ ಬರುತ್ತದೆ. ಅದನ್ನು ಮಣ್ಣಿಗೆ ಸಿಕ್ಕಿಸಿ ಮರೆತರೂ ಬದುಕುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಒಂದು ಸಂಜೆ, ಎಲೆಯ ಅಂಚಿನಿಂದ ಜೋತುಬಿದ್ದಿದ್ದ ಮೊಗ್ಗು ಕೊಕ್ಕರೆಯ ಕತ್ತಿನ ಹಾಗೆ ಬಾಗಿ ಮೇಲೆ ಏಳುತ್ತದೆ. ಇವತ್ತು ರಾತ್ರಿಯೇ ಅರಳುತ್ತದೆ ಅಂತ ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಅಕ್ಕಪಕ್ಕದವರಿಗೆಲ್ಲ ಫೋನ್ ಹೋಗುತ್ತದೆ. ಹತ್ತು ಗಂಟೆ ಹೊತ್ತಿಗೆ ಹೂವಿನ ಸುತ್ತ ಒಂದು ಸಣ್ಣ ಜಾತ್ರೆ. ಒಬ್ಬರು ಊದುಬತ್ತಿ ಹಚ್ಚುತ್ತಾರೆ, ಇನ್ನೊಬ್ಬರು ಫೋಟೋ ತೆಗೆಯುತ್ತಾರೆ, ಹೋಗುವಾಗ ಮೂರನೆಯವರು ಮೆಲ್ಲಗೆ ‘ಒಂದು ಎಲೆ ಕೊಡ್ತೀರಾ?’ ಅಂತ ಕೇಳುತ್ತಾರೆ. ಈ ಗಿಡ ಮೆಕ್ಸಿಕೋ ಕಡೆಯ ಕಳ್ಳಿ ಜಾತಿಯದು, ಹಿಮಾಲಯದ ಬ್ರಹ್ಮಕಮಲವೇ ಬೇರೆ. ಅದು ಗೊತ್ತಿದ್ದವರೂ ಊದುಬತ್ತಿ ಬಿಟ್ಟಿಲ್ಲ.

ಎಲೆ, ಕಡ್ಡಿ, ಗೆಡ್ಡೆ, ಬೀಜ ಅಂತ ಕೈಯಿಂದ ಕೈಗೆ ದಾಟಿಸುವ ಅಭ್ಯಾಸ ಈ ಊರಲ್ಲಿ ಇಷ್ಟು ಗಟ್ಟಿಯಾಗಿದೆ. ಕದ್ದು ತಂದ ಮನಿ ಪ್ಲಾಂಟ್ ಮಾತ್ರ ಚೆನ್ನಾಗಿ ಚಿಗುರುತ್ತದೆ ಅಂತ ನಂಬುವ ಮಂದಿಯೂ ಕಡಿಮೆಯಿಲ್ಲ. ಆದರೆ ಹತ್ತು ಮನೆಯವರು ಸೇರಿ, ಒಂದೇ ಜಾಗದಲ್ಲಿ, ಮಣ್ಣು ಮುಟ್ಟಿ ಬೆಳೆಯುವ ತೋಟ ಹುಡುಕಿ ನೋಡಿ. ಸಿಗುವುದು ಕಷ್ಟ. ಉದ್ಯಾನ ನಗರಿ ಅಂತ ಹೆಸರಿಟ್ಟುಕೊಂಡ ಊರಲ್ಲಿ ಇದು ವಿಚಿತ್ರವೇ. ಇದರ ಕಾರಣ ಜನರ ಸ್ವಭಾವದಲ್ಲಿಲ್ಲ, ಜಾಗದ ಇತಿಹಾಸದಲ್ಲಿದೆ.

ಹಳೆಯ ಬೆಂಗಳೂರಿಗೆ ತರಕಾರಿ, ಸೊಪ್ಪು, ಹೂವು ಬೆಳೆದು ಕೊಟ್ಟವರು ತಿಗಳರು. ಪೇಟೆಯ ಸುತ್ತ, ಕೆರೆಗಳ ಆಸುಪಾಸಿನಲ್ಲಿ ಅವರ ತೋಟಗಳಿದ್ದವು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಇವರದೇ. ಕರಗದ ವಿಧಿಗಳಲ್ಲಿ ನೀರಿನ ತಾಣಗಳಿಗೆ ಅಷ್ಟು ಮಹತ್ವ ಇರುವುದು ಸುಮ್ನೆ ಅಲ್ಲ. ನೀರಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ತಿಗಳರಿಲ್ಲ ಅನ್ನುವ ಕಾಲ ಅದು.

ಆ ತೋಟಗಳಿಗೆ ಏನಾಯಿತು ಅನ್ನುವುದಕ್ಕೆ ಸಂಪಂಗಿ ಕೆರೆ ಒಂದೇ ಸಾಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಕೆರೆಗೆ ಎರಡು ಕಡೆಯಿಂದ ಎಳೆದಾಟ. ತೋಟದವರಿಗೆ ಕೆರೆಯಲ್ಲಿ ನೀರು ನಿಲ್ಲಬೇಕು. ಕೆರೆಯಂಗಳದಲ್ಲಿ ಪೋಲೋ ಆಡುವ ದೊರೆಗಳಿಗೆ ನೆಲ ಒಣಗಿರಬೇಕು. ಗೆದ್ದವರು ಯಾರು ಅಂತ ಬೇರೆ ಹೇಳಬೇಕಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಊರಿನ ಕೆರೆಗಳು ಕುಡಿಯುವ ನೀರಿಗೆ ಬೇಡವಾದವು. ಇವತ್ತು ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗೆ ಅಂತ ಮೂಲೆಯಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ, ಅಷ್ಟೇ.

ತಿಗಳರ ತೋಟಗಳು ಕರಗುತ್ತಿದ್ದ ಹೊತ್ತಿಗೇ ಇನ್ನೊಂದು ಬಗೆಯ ತೋಟ ಬೆಳೆಯಿತು. ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್‌ಗೆ ಟಿಪ್ಪು ದೂರದೂರದ ಗಿಡಗಳನ್ನು ತರಿಸಿದ. ಆಮೇಲೆ ಬ್ರಿಟಿಷರ ಕಾಲದಲ್ಲಿ ಅದು ಸಸ್ಯಶಾಸ್ತ್ರೀಯ ತೋಟವಾಯಿತು. 1874ರಿಂದ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಕಾಲದಲ್ಲಿ ಗಾಜಿನ ಮನೆ ಎದ್ದಿತು, ಹೊರನಾಡಿನ ಎಷ್ಟೋ ಬೆಳೆಗಳು ಇಲ್ಲಿನ ಮಣ್ಣಿಗೆ ಇಳಿದವು. ಸೀಮೆಬದನೆಯನ್ನು ಇಲ್ಲಿಗೆ ತಂದ ಹೆಸರೂ ಅವನದೇ. ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಕತ್ತರಿಕಾಯಿ ಅಂತಲೇ ಕೂಗುತ್ತಾರೆ. ಈ ಕಾಯಿಯದ್ದು ಒಂದು ತಮಾಷೆ ಇದೆ. ಬೀಜ ಬಿಡಿಸಿ ಬಿತ್ತುವ ಹಾಗಿಲ್ಲ. ಅಡುಗೆಮನೆಯ ಬುಟ್ಟಿಯಲ್ಲಿ ಮರೆತುಹೋದ ಕಾಯಿ ತನ್ನ ಬಾಯಿ ಕಡೆಯಿಂದ ತಾನೇ ಮೊಳಕೆ ಹೊರಗೆ ಹಾಕುತ್ತದೆ. ಹಾಗೇ ಇಡೀ ಕಾಯಿಯನ್ನು ಅರ್ಧ ಮಣ್ಣಲ್ಲಿ ಹೂತರೆ ಬಳ್ಳಿ ಚಪ್ಪರ ಹತ್ತುತ್ತದೆ. ಲಾಲ್‌ಬಾಗ್‌ನಿಂದ ಹೊರಬಿದ್ದ ಗಿಡ ಹಿತ್ತಲಿಗೆ ಸೇರಲು ಇಷ್ಟು ಸಾಕಾಯಿತು.

1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಇನ್ನೂ ಮುಂದೆ ಹೋದ. ವರ್ಷವಿಡೀ ಊರಿನ ಯಾವುದಾದರೂ ಬೀದಿಯಲ್ಲಿ ಯಾವುದಾದರೂ ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ಸಾಲುಮರ ನೆಡಿಸಿದ. ಅವನ ಲೆಕ್ಕ ಎಷ್ಟು ಸರಿಯಿತ್ತು ಅಂತ ಇವತ್ತಿಗೂ ಮಾರ್ಚ್ ತಿಂಗಳಲ್ಲಿ ತಲೆ ಎತ್ತಿದರೆ ಗೊತ್ತಾಗುತ್ತದೆ. ಆದರೆ ಒಂದನ್ನು ಗಮನಿಸಬೇಕು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸಾಲುಮರ ಎಲ್ಲವೂ ನೋಡಲು ಇದ್ದ ಹಸಿರು. ಕೆಲಸಕ್ಕೆ ಮಾಲಿ, ನೋಡುವುದಕ್ಕೆ ಜನ. ‘ಹೂ ಕೀಳಬಾರದು, ಹುಲ್ಲಿನ ಮೇಲೆ ನಡೆಯಬಾರದು’ ಅನ್ನುವ ಬೋರ್ಡು ಈ ಯೋಚನೆಯದೇ ಕೂಸು.

ಮಾಡುವ ತೋಟ ಮನೆಯ ಹಿತ್ತಲಿಗೆ ಹೋಯಿತು. 1898ರ ಪ್ಲೇಗ್ ಆದಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಗಾಳಿ ಬೆಳಕಿಗೆ ಅಂತ ಮನೆಯ ಸುತ್ತ ಜಾಗ ಬಿಟ್ಟರು. ಆ ಜಾಗದಲ್ಲಿ ನುಗ್ಗೆ, ತೆಂಗು, ಕರಿಬೇವು, ಪಾರಿಜಾತ ಬಂದವು. ಬಾವಿಕಟ್ಟೆಯ ಬಚ್ಚಲು ನೀರಿಗೆ ಕೆಸುವಿನೆಲೆ, ಒಂದೆಲಗ. ಮಗುವಿಗೆ ಕೆಮ್ಮು ಬಂದರೆ ದೊಡ್ಡಪತ್ರೆಗೆ ಪಕ್ಕದ ಮನೆಗೆ ಓಡುವುದು. ಸಮುದಾಯ ತೋಟ ಅಂತ ಯಾರೂ ಕರೆಯಲಿಲ್ಲ. ಆದರೆ ಕಾಂಪೌಂಡ್ ಗೋಡೆಯ ಎರಡೂ ಕಡೆ ಕೈ ಚಾಚಿದರೆ ಅರ್ಧ ಬೀದಿಯ ಗಿಡ ಸಿಗುತ್ತಿತ್ತು. ಇದೂ ಎಲ್ಲರಿಗೂ ಇದ್ದ ಸೌಭಾಗ್ಯವಲ್ಲ. ವಠಾರದಲ್ಲಿ ಒಂದು ತುಳಸಿಕಟ್ಟೆಗೆ ಹತ್ತು ಸಂಸಾರ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಸೈಟು ಚಿಕ್ಕದಾಯಿತು. 30x40 ಅಡಿ ಸೈಟಿನಲ್ಲಿ ಬಿಡಬೇಕಾದ ಜಾಗವನ್ನೂ ಬಿಡದೆ ಕಟ್ಟಿದೆವು. ಮಿಕ್ಕ ಮೂರಡಿಯಲ್ಲಿ ಸ್ಕೂಟರ್ ನಿಂತಿತು. ಪಾರ್ಕ್‌ಗಳೂ ಒತ್ತುವರಿಯಾಗುತ್ತಿದ್ದವು. ಅದನ್ನು ತಡೆಯಲು 1985ರಲ್ಲಿ ರಾಜ್ಯ ಸರ್ಕಾರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ಕಾಯ್ದೆ ತಂದಿತು. ಅದೊಂದು ಇಲ್ಲದಿದ್ದರೆ ಇವತ್ತು ಎಷ್ಟು ಪಾರ್ಕ್ ಉಳಿದಿರುತ್ತಿತ್ತೋ. ಬಿಡಿಎ ಬಡಾವಣೆಗಳಲ್ಲಿ ಶೇ. 15ರಷ್ಟು ಜಾಗ ಪಾರ್ಕ್ ಮತ್ತು ಮೈದಾನಕ್ಕೆ ಅಂತ ಕಾನೂನೇ ಹೇಳುತ್ತದೆ. ಅಷ್ಟಾದರೂ, ಬಡಾವಣೆಯ ಜನ ಸೇರಿ ‘ಈ ಮೂಲೆಯಲ್ಲಿ ಬೆಂಡೆಕಾಯಿ ಬೆಳೆಯುತ್ತೇವೆ, ಒಂದು ತುಂಡು ಜಾಗ ಕೊಡಿ’ ಅಂತ ಹಕ್ಕಿನಿಂದ ಕೇಳುವ ದಾರಿ ಇಲ್ಲಿಲ್ಲ. ಪಾರ್ಕ್ ಅಂದರೆ ವಾಕಿಂಗ್ ಟ್ರ್ಯಾಕ್, ಜಿಮ್ ಸಾಮಾನು, ಕತ್ತರಿಸಿದ ಬೇಲಿ ಗಿಡ.

ಬ್ರಿಟನ್ನಿನಲ್ಲಿ ಇದು ಬೇರೆ ಥರ ನಡೆಯಿತು. ಅಲ್ಲಿನ 1908ರ ಕಾಯ್ದೆಯ ಪ್ರಕಾರ ಆರು ಮತದಾರರು ಸೇರಿ ಬೆಳೆಯಲು ಜಾಗ ಬೇಕು ಅಂತ ಬರೆದರೆ ಸ್ಥಳೀಯ ಆಡಳಿತ ಅದನ್ನು ಕಿವಿಗೆ ಹಾಕಿಕೊಳ್ಳಲೇಬೇಕು. ಒಬ್ಬರ ಪಾಲಿಗೆ ಬರುವ ಮಾಮೂಲಿ ತುಂಡು ಸುಮಾರು 250 ಚದರ ಮೀಟರ್. ನಮ್ಮ ಎರಡು 30x40 ಸೈಟಿಗಿಂತ ಜಾಸ್ತಿ! ನ್ಯೂಯಾರ್ಕ್‌ನಲ್ಲಿ ಕಾನೂನಿಗೆ ಕಾಯಲೇ ಇಲ್ಲ. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸ ತುಂಬಿದ ಖಾಲಿ ಸೈಟೊಂದನ್ನು ಗುಡಿಸಿ ತೋಟ ಮಾಡಿದರು. ಅಂಥ ತೋಟಗಳು ನೂರಾರಾದವು. 1999ರಲ್ಲಿ ಮೇಯರ್ ಜೂಲಿಯಾನಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಾಗ ದೊಡ್ಡ ಗಲಾಟೆಯಾಗಿ, ಕೊನೆಗೆ ಎರಡು ಟ್ರಸ್ಟ್‌ಗಳು ದುಡ್ಡು ಕೊಟ್ಟು ಅವನ್ನು ಉಳಿಸಿಕೊಂಡವು. ಖಾಲಿ ಸೈಟಿನಲ್ಲಿ ತೋಟ ಮಾಡಿದರೆ ಮಾಲೀಕ ಬರುವ ದಿನ ಬಂದೇ ಬರುತ್ತದೆ.

ಬೆಂಗಳೂರಿನವರು ಜಾಗ ಹುಡುಕಿದ್ದು ಮೇಲೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ತಾರಸಿಯಲ್ಲಿ ಸಾವಯವ ತರಕಾರಿ ಬೆಳೆಯುವುದನ್ನು ಊರಿನವರಿಗೆ ಹೇಳಿಕೊಟ್ಟರು. 2011ರಿಂದ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳಲ್ಲಿ ಬೀಜ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅನುಭವ ಎಲ್ಲವೂ ಕೈ ಬದಲಾದವು. ಮರುವರ್ಷ ಇನ್ನೊಂದು ಕಡೆಯಿಂದ ತಳ್ಳು ಸಿಕ್ಕಿತು. ಅದು ಕಸ. 2012ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನಿಮ್ಮ ಕಸ ನಮಗೆ ಬೇಡ ಅಂದರು, ಊರೆಲ್ಲ ನಾರಿತು. ಹಸಿ ಕಸ ಬೇರೆ ಮಾಡಿ ಅನ್ನುವ ನಿಯಮ ಬಂತು. ಬೇರೆ ಮಾಡಿದ್ದನ್ನು ಮನೆಯಲ್ಲೇ ಗೊಬ್ಬರ ಮಾಡಿದವರಿಗೆ ಹೊಸ ತಲೆನೋವು: ಇಷ್ಟು ಗೊಬ್ಬರ ಎಲ್ಲಿ ಹಾಕುವುದು? ಕುಂಡ ತಂದರು. ಕುಂಡ ತುಂಬಿದ ಮೇಲೆ ಬೀದಿ ಮೂಲೆ, ಅಪಾರ್ಟ್‌ಮೆಂಟಿನ ಹಿಂಭಾಗ, ಪಾರ್ಕಿನ ಬದಿ ನೋಡಿದರು. ಎಚ್ಎಸ್ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಗೊಬ್ಬರದ ತೊಟ್ಟಿಗಳ ಪಕ್ಕದಲ್ಲೇ ಸೊಪ್ಪಿನ ಮಡಿ ಇರುವುದು ಇದೇ ದಾರಿಯಲ್ಲಿ. ಈಚೆಗೆ ಇಲ್ಲಿ ಹುಟ್ಟಿದ ಹಂಚಿಕೆಯ ತೋಟಗಳ ಬೇರು ಪರಿಸರ ಪ್ರೀತಿಗಿಂತ ಜಾಸ್ತಿ ಕಸದ ಡಬ್ಬಿಯಲ್ಲಿದೆ ಅಂತ ನನ್ನ ಲೆಕ್ಕ.

ತಾರಸಿ ಇಲ್ಲದವರ ಕಥೆ? ಬೆಂಗಳೂರಿನ 44 ಕೊಳೆಗೇರಿಗಳಲ್ಲಿ ಗಿಡಮರಗಳ ಬಗ್ಗೆ ಅಧ್ಯಯನ ಮಾಡಿದ ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ 2014ರಲ್ಲಿ ಪ್ರಕಟಿಸಿದ ವಿವರ ಓದಬೇಕು. ಪೇಂಟ್ ಡಬ್ಬಿ, ಪ್ಲಾಸ್ಟಿಕ್ ಚೀಲ, ಹಳೆಯ ಪಾತ್ರೆ, ಬಕೆಟ್, ಮರದ ಪೆಟ್ಟಿಗೆ, ಸಿಕ್ಕಿದ್ದರಲ್ಲೆಲ್ಲ ಅಡುಗೆಗೆ, ಔಷಧಿಗೆ ಗಿಡ. ಮರ ಅಂದರೆ ನುಗ್ಗೆ, ಹೊಂಗೆಯಂಥವು. ಮರದ ಬುಡದಲ್ಲೇ ಪಾತ್ರೆ ತೊಳೆಯುವುದು, ಮಾತು, ಮಕ್ಕಳ ಆಟ, ಪೊರಕೆ ಕಟ್ಟುವ ಕೆಲಸ, ಟೈರ್ ರಿಪೇರಿ. ಸೇರಿ ಬಳಸುವ ಹಸಿರು ಅಂದರೆ ಇದೇ ಅಲ್ವಾ? ಆದರೆ ತೋಟಗಾರಿಕೆಯ ಮಾತು ಬಂದಾಗ ಯಾರೂ ಈ ಡಬ್ಬಿಗಳನ್ನು ಎಣಿಸುವುದಿಲ್ಲ.

ಗಿಡದಿಂದ ಮನಸ್ಸಿಗೆ ಒಳ್ಳೆಯದು ಅಂತ ಈಗ ಎಲ್ಲರೂ ಹೇಳುತ್ತಾರೆ. ಸ್ವಲ್ಪ ಹುಷಾರಾಗಿ ಕೇಳಬೇಕಾದ ಮಾತು ಇದು. ನೆದರ್ಲೆಂಡ್ಸ್‌ನಲ್ಲಿ ತೋಟ ಮಾಡುವ 30 ಜನರನ್ನು ಮೊದಲು ತಲೆಬಿಸಿಯಾಗುವ ಕೆಲಸಕ್ಕೆ ಕೂರಿಸಿದರು. ಆಮೇಲೆ ಅರ್ಧದಷ್ಟು ಜನ ಅರ್ಧ ಗಂಟೆ ತೋಟದ ಕೆಲಸ ಮಾಡಿದರು, ಮಿಕ್ಕವರು ಒಳಗೆ ಕೂತು ಓದಿದರು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ತೋಟದವರಲ್ಲಿ ಜಾಸ್ತಿ ಇಳಿಯಿತು. ಅವರೆಲ್ಲ ಮೊದಲೇ ತೋಟದ ಹುಚ್ಚು ಹಿಡಿದವರು ಅನ್ನುವುದನ್ನು ಮರೆಯಬಾರದು. ಫಿಲಡೆಲ್ಫಿಯಾದ್ದು ಇನ್ನೂ ಗಟ್ಟಿ ಪರೀಕ್ಷೆ. 541 ಪಾಳು ಸೈಟುಗಳನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿದರು. ಕೆಲವಕ್ಕೆ ಕಸ ತೆಗೆದು ಹುಲ್ಲು, ಕೆಲವು ಮರ, ಒಂದು ಗಿಡ್ಡ ಬೇಲಿ. ಕೆಲವಕ್ಕೆ ಬರೀ ಕಸ ತೆಗೆದದ್ದು. ಕೆಲವನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದಲ್ಲಿ, ಹಸಿರಾದ ಸೈಟಿನ ಸುತ್ತಲಿನವರಲ್ಲಿ ‘ಮನಸ್ಸು ಕುಗ್ಗಿದೆ’ ಅನ್ನುವ ಮಾತು ಹಾಗೇ ಬಿಟ್ಟ ಜಾಗಕ್ಕೆ ಹೋಲಿಸಿದರೆ ಶೇ. 41.5ರಷ್ಟು ಕಡಿಮೆಯಾಗಿತ್ತು. ಬರೀ ಕಸ ತೆಗೆದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕೋಟಿ ಖರ್ಚಿನ ಉದ್ಯಾನ ಬೇಕಿರಲಿಲ್ಲ, ಮನೆ ಪಕ್ಕದ ಹಾಳು ಸೈಟು ಸಾಕಿತ್ತು. ನಮ್ಮಲ್ಲಿ ಅಂಥ ಸೈಟಿಗೇನು ಬರವೇ?

ಬರ ಇರುವುದು ನೀರಿಗೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಅಕ್ಕಿ, ತರಕಾರಿ ತೊಳೆದ ನೀರು, ಆರ್‌ಒ ಯಂತ್ರ ಹೊರಹಾಕಿದ ನೀರು ಬಕೆಟ್ ಬಕೆಟ್ ತಾರಸಿಗೆ ಹೋಯಿತು. ಮನೆಯ ಕುಂಡ ಹಾಗೆ ಬದುಕುತ್ತದೆ. ಎಲ್ಲರದ್ದೂ ಆದ ತೋಟಕ್ಕೆ ಬಕೆಟ್ ಹೊರುವವರು ಯಾರು? ಇಂಥ ತೋಟ ನಡೆಸುವವರನ್ನು ಮಾತಾಡಿಸಿದರೆ ಮಣ್ಣು, ಬೀಜದ ಸಮಸ್ಯೆ ಹೇಳುವುದು ಕಡಿಮೆ. ಶನಿವಾರ ಕಳೆ ಕೀಳಲು ಬಂದವರು ನಾಲ್ಕು ಜನ, ಭಾನುವಾರ ಬದನೆಕಾಯಿಗೆ ಹದಿನಾಲ್ಕು ಜನ. ಕೊಯ್ದದ್ದನ್ನು ತೂಗಿ ಹಂಚಬೇಕೋ, ಬಂದವರಿಗೆ ಬಂದಷ್ಟೋ? ಬೀದಿಯಲ್ಲಿ ಹೋಗುವವರು ಸೊಪ್ಪು ಕಿತ್ತರೆ ಕಳ್ಳತನವೋ, ಹಂಚಿಕೆಯೋ? ಕೆಲವು ಕಡೆ ವಾರಕ್ಕೊಬ್ಬರ ಹೆಸರು ಗೋಡೆಗೆ ಅಂಟಿಸುತ್ತಾರೆ. ಏಪ್ರಿಲ್ ಬಂದು ಮಕ್ಕಳ ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೊರಟಾಗ ಆ ಪಟ್ಟಿಯಲ್ಲಿ ಉಳಿಯುವ ಹೆಸರು ಸಾಮಾನ್ಯವಾಗಿ ಒಂದೇ, ಊರಲ್ಲಿ ಯಾರೂ ಇಲ್ಲದ ಯಾರೋ ನಿವೃತ್ತ ಯಜಮಾನರದ್ದು. ಅವರಿಗೆ ಬಕೆಟ್ ಭಾರ ಅಂತ ಈಗೀಗ ತೋಟಕ್ಕೆ ಮೊದಲು ಡ್ರಮ್ಮು, ಪೈಪು ಹಾಕಿಸಿ, ಆಮೇಲೆ ಮಣ್ಣು ತರಿಸುತ್ತಾರೆ.