1,200 ಅಡಿ ಬೋರಿಗೂ ಕೋಳಿಫಾರಂ ಗುಂಡಿಯ ನೀರು ಬರುತ್ತಾ?

ಪ್ರಶ್ನೆ: ಚಿಂತಾಮಣಿ ಕಡೆ ನಮ್ಮ ತೋಟದ ಬೋರು 1,200 ಅಡಿ. ಪಕ್ಕದ ಕೋಳಿಫಾರಂನ ಗೊಬ್ಬರದ ಗುಂಡಿ 200 ಮೀಟರ್ ದೂರ. ಅಷ್ಟು ಬಂಡೆಯೊಳಗೆ ಸೋಸಿ ಬರುವಾಗ ಕೊಳೆ ಅಲ್ಲೇ ನಿಲ್ಲಲ್ವಾ ಸಾರ್? ಬಂದರೂ ಎಷ್ಟು ವರ್ಷ ಬೇಕು?

ಉತ್ತರ: ಊರು ಬದಲಾಗುತ್ತದೆ, ಗುಂಡಿ ಬದಲಾಗುತ್ತದೆ, "ಬಂಡೆ ಸೋಸುತ್ತೆ" ಅನ್ನುವ ಮಾತು ಮಾತ್ರ ಹಾಗೇ ಇರುತ್ತದೆ. ಸೋಸುವುದು ಮಣ್ಣು, ಮರಳು. ನಿಮ್ಮ ಕಾಲಡಿ ಇರುವುದು ನೈಸ್, ಗ್ರಾನೈಟ್ ಎಂಬ ಗಟ್ಟಿ ಬಂಡೆ. ಗಟ್ಟಿ ಕಲ್ಲಿನಲ್ಲಿ ತೂತಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಬೋರ್ ಲಾರಿಯವರು "ಗ್ಯಾಪ್ ಸಿಕ್ತು" ಅನ್ನುತ್ತಾರಲ್ಲ, ನೀರು ಓಡಾಡುವುದು ಆ ಬಿರುಕಿನಲ್ಲಿ. ಮರಳೇ ಇದ್ದರೂ ಅದು ತಡೆಯುವುದು ಕಸವನ್ನು, ಒಂದಷ್ಟು ರೋಗಾಣುವನ್ನು. ಗೊಬ್ಬರದಿಂದ ಬಂದು ನೀರಲ್ಲಿ ಕರಗಿದ ನೈಟ್ರೇಟ್ ಎಂಬ ಲವಣ ಕಾಫಿಗೆ ಹಾಕಿದ ಸಕ್ಕರೆಯಂತೆ, ಯಾವ ಸೋಸುಬಟ್ಟೆಗೂ ಸಿಗುವುದಿಲ್ಲ.

ಲೆಕ್ಕ ಹಾಕಿ. ನೆಲದೊಳಗಿನ ನೀರಿನ ಮಟ್ಟ ಪ್ರತಿ 100 ಮೀಟರ್ ದೂರಕ್ಕೆ 1 ಮೀಟರ್ ಇಳಿಜಾರಾಗಿದೆ ಅಂದುಕೊಳ್ಳಿ. ನಯವಾದ ಬಿರುಕಿನ ಅಗಲ 0.1 ಮಿ.ಮೀ. ಇದ್ದರೆ ನೀರು ದಿನಕ್ಕೆ ಸುಮಾರು 7 ಮೀಟರ್ ಹೋಗುತ್ತದೆ, 200 ಮೀಟರಿಗೆ ಒಂದು ತಿಂಗಳು ಸಾಕು. ಅಗಲ 0.2 ಆದರೆ ವೇಗ ನಾಲ್ಕು ಪಟ್ಟು, ಹರಿಯುವ ನೀರು ಎಂಟು ಪಟ್ಟು. ಒಂದು ವಾರದ ದಾರಿ. ನಿಜವಾದ ಬಿರುಕು ಒರಟು, ಎಲ್ಲವೂ ಒಂದಕ್ಕೊಂದು ಕೂಡಿರುವುದೂ ಇಲ್ಲ. ಹಾಗಾಗಿ ಕಾಲ ಹೆಚ್ಚಬಹುದು, ಗುಂಡಿಗೂ ಬೋರಿಗೂ ಸಂಪರ್ಕವೇ ಇಲ್ಲದಿರಲೂಬಹುದು.

"ನೂರು ವರ್ಷ ಬೇಕು" ಅನ್ನುವ ವರದಿಗಳು ಬರುವುದು ಮರಳಿನ ಲೆಕ್ಕವನ್ನು ಕಲ್ಲಿಗೆ ಹೊಂದಿಸಿದಾಗ. ಅದೇ ಇಳಿಜಾರು, ಸೆಕೆಂಡಿಗೆ ಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು ವಾಹಕತೆ (ನೀರನ್ನು ಹಾಯಗೊಡುವ ಗುಣ) ಇಟ್ಟುಕೊಳ್ಳಿ. ತೂತಿನ ಪಾಲು 0.2 ಎಂದು ಬರೆದರೆ ಉತ್ತರ 125 ವರ್ಷಕ್ಕೂ ಹೆಚ್ಚು. ಬಿರುಕಿನ ಪಾಲು 0.001 ಎಂದು ಬರೆದರೆ ಸುಮಾರು ಎಂಟು ತಿಂಗಳು. ಬದಲಾದದ್ದು ಒಂದೇ ಅಂಕಿ! ಕಂಪ್ಯೂಟರ್ ಎರಡನ್ನೂ ಅಷ್ಟೇ ಚೆಂದದ ಬಣ್ಣದಲ್ಲಿ ತೋರಿಸುತ್ತದೆ.

ಆಳದ ಧೈರ್ಯವೂ ಬೇಡ. ಕೇಸಿಂಗ್ ಪೈಪು ನಿಲ್ಲುವುದು ಗಟ್ಟಿ ಕಲ್ಲು ಸಿಕ್ಕ ಕಡೆ, ಕೆಳಗೆಲ್ಲ ಬರಿ ತೂತು. 150 ಅಡಿಯ ಬಿರುಕಿನ ನೀರು ಗೋಡೆಗುಂಟ ಇಳಿದು ಕೆಳಗಿನ ಮೋಟಾರಿಗೆ ಸೇರುತ್ತದೆ. ಪೈಪಿನ ಸುತ್ತ ಸಿಮೆಂಟ್ ಗಾರೆ ತುಂಬದೆ ಕೊರೆದ ಪುಡಿಯನ್ನೇ ತಳ್ಳಿದ್ದರೆ ಮೇಲಿನ ಮಳೆನೀರೂ ಅದೇ ದಾರಿ ಹಿಡಿಯುತ್ತದೆ. ಸುತ್ತಮುತ್ತಲ ಒಣ ಬೋರುಗಳು ಮೇಲಿನ ಬಿರುಕನ್ನು ಆಳದ ಬಿರುಕಿಗೆ ಜೋಡಿಸುವ ಕೊಳವೆಗಳು.

ಬಂಡೆಗೂ ಒಂದು ಗುಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಬಿರುಕಿನ ಪಕ್ಕದ ಸೂಕ್ಷ್ಮ ರಂಧ್ರಗಳಲ್ಲಿ ನಿಂತ ನೀರಿರುತ್ತದೆ. ಹೋಗುತ್ತಾ ಹೋಗುತ್ತಾ ನೈಟ್ರೇಟ್ ಅದರೊಳಗೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಬರುವುದು ತಡವಾಗುತ್ತದೆ, ತೀವ್ರತೆ ತಗ್ಗುತ್ತದೆ. ಆದರೆ ಇದು ಸಾಲ. ಗುಂಡಿ ಮುಚ್ಚಿ ಬಿರುಕಿನ ನೀರು ತಿಳಿಯಾದ ಮೇಲೆ ಕಲ್ಲು ಅದನ್ನೇ ವರ್ಷಗಟ್ಟಲೆ ವಾಪಸ್ ಕೊಡುತ್ತದೆ. "ಗುಂಡಿ ಮುಚ್ಚಿದೆವು, ನೈಟ್ರೇಟ್ ಇಳಿದಿಲ್ಲ" ಅನ್ನುವವರು ಲೆಕ್ಕದಲ್ಲಿ ಬಿಟ್ಟಿರುವುದು ಈ ಭಾಗವನ್ನೇ.

ಪರೀಕ್ಷೆಗೆ ನೀರು ಹಿಡಿಯುವುದು ಬೋರಿನ ಬಾಯಲ್ಲಿ, ಸಂಪಿನಲ್ಲಲ್ಲ. ಮೋಟಾರ್ ಹಾಕಿದ 15, 30, 60, 120 ನಿಮಿಷಕ್ಕೆ ಟಿ.ಡಿ.ಎಸ್. ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವುದು) ಓದಿ ಬರೆದಿಡಿ. ಅಂಕಿ ಓಡಾಡುತ್ತಿದ್ದರೆ ಬೇರೆ ಬೇರೆ ಬಿರುಕಿನ ನೀರು ಬೆರೆಯುತ್ತಿರಬಹುದು. ಅಂಕಿ ಒಂದೇ ಕಡೆ ನಿಂತ ಮೇಲೆ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಿ, ಐಸಿನಲ್ಲಿಟ್ಟು 48 ಗಂಟೆಯೊಳಗೆ ಲ್ಯಾಬಿಗೆ ಕೊಡಿ. ಕುಡಿಯುವ ನೀರಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ. ಬೇಸಿಗೆಯಲ್ಲೊಮ್ಮೆ, ದೊಡ್ಡ ಮಳೆ ಆದ ಮೇಲೊಮ್ಮೆ. ಮಳೆಯ ನಂತರ ಜಿಗಿದರೆ ಮೇಲಿನ ದಾರಿ ತೆರೆದಿದೆ ಅಂತ ಅನುಮಾನಿಸಿ.

ಕೇಳದಿದ್ದರೂ ಹೇಳಿಬಿಡುತ್ತೇನೆ: ನೈಟ್ರೇಟಿಗೆ ಹೆದರಿ ಇನ್ನೂ ಆಳಕ್ಕೆ ಕೊರೆಸುವವರಿಗೆ ಅಲ್ಲಿ ಫ್ಲೋರೈಡ್ ಸಿಗಬಹುದು. ಬಾಗೇಪಲ್ಲಿ, ಪಾವಗಡದ ಕಡೆಯವರಿಗೆ ಇದು ಹೊಸದಲ್ಲ. ಅದು ಯಾರ ಗುಂಡಿಯದೂ ಅಲ್ಲ, ಕಲ್ಲಿನ ಖನಿಜದಿಂದಲೇ ಕರಗುವಂಥದ್ದು. ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದಷ್ಟೂ ಏರುತ್ತದೆ. ಫ್ಲೋರೈಡ್ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿ ಕುಡಿದರಾಯಿತು ಅನ್ನಬೇಡಿ: ಆವಿಯಾಗುವುದು ನೀರು, ಫ್ಲೋರೈಡೂ ನೈಟ್ರೇಟೂ ಪಾತ್ರೆಯಲ್ಲೇ ಉಳಿಯುತ್ತವೆ.